ಐಸಿನ ಮೇಲೆ ಬಿಸಿನೀರು

ಅಬುಧಾಬಿ, ಶುಕ್ರವಾರ

ದೊಡ್ಡಮ್ಮಾ,

ನಿಮ್ಮ ಮಗಳು ಅಪ್ಪಿ ಗೆದ್ದಳು, ಮೊದಲು ಅದನ್ನು ಹೇಳಿಬಿಡುತ್ತೇನೆ. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು, ಅವಳು ಕೆಲಸ ಮಾಡುವ ಕ್ರೀಡಾಂಗಣದೊಳಗೆ ಐಸಿನ ಮೇಲೆ ಹಾಕಿ ಪಂದ್ಯ. ಗೀರುಬಿದ್ದ ಐಸನ್ನು ಹೆರೆದು ನೀರು ಬಳಿಯುವ ಯಂತ್ರವನ್ನು ಗಂಡಸರೇ ಓಡಿಸಬೇಕೆಂಬುದು ಇಲ್ಲಿನ ದರ್ಪ. ಮೂರು ವರ್ಷ ಐಸಿನ ಅಂಚು ಗುಡಿಸಿದ ಅಪ್ಪಿ ನಿನ್ನೆ ಹಠಹಿಡಿದು ಅದನ್ನು ಹತ್ತಿದಳು.

ಮಲ್ಪೆಯಲ್ಲಿ ಮೀನಿಗೆ ಐಸ್ ಮಾಡುವ ಪ್ಲಾಂಟಿನಲ್ಲಿ ದುಡಿದ ರೂಢಿ ಬಿಡದೆ ಟ್ಯಾಂಕಿಗೆ ತಣ್ಣೀರು ತುಂಬಿಸಿದಳು. ಐಸ್ ಬೆಳ್ಳಗೆ ಹೊಪ್ಪಳೆಯೆದ್ದಿತು. ಹಾಕಿಯ ರಬ್ಬರ್ ಬಿಲ್ಲೆ ಜಾರುವ ಬದಲು ಕುಪ್ಪಳಿಸಿತು.

"ಎಂತ ಮಾರಾಯ್ತಿ, ಬಂಗುಡೆ ಮೀನು ಇಡ್ಲಿಕ್ಕುಂಟಾ? ಇದಕ್ಕೆ ಬಿಸಿನೀರು ಹಾಕ್ಬೇಕು!" ಎಂದು ನಮ್ಮೂರ ಕಡೆಯವನೇ ಆದ ಮೇಲ್ವಿಚಾರಕ ಕ್ಲೈವ್ ನಕ್ಕ.

"ನೀರು ತುಂಬಿಸುವ ಕೋಣೆಗೆ ಇಷ್ಟು ವರ್ಷ ನನ್ನನ್ನು ಬಿಟ್ಟದ್ದುಂಟಾ ಸರ್? ಇನ್ನೊಂದು ಸುತ್ತು ಕೊಡಿ."

ಈ ಸಲ ಹಬೆಯಾಡುವ ನೀರು ಗೀರುಗಳ ಅಂಚು ಕರಗಿಸಿ, ಗಾಳಿಗುಳ್ಳೆಯಿಲ್ಲದೆ ಗಟ್ಟಿಯಾಗಿ ಹೆಪ್ಪುಗಟ್ಟಿತು. ಬಿಲ್ಲೆ ಈ ತುದಿಯಿಂದ ಆ ತುದಿಗೆ ಸರ್ರನೆ ಹೋಯಿತು.

"ಖಲಾಸ್, ಮಾತು ಮುಗೀತು! ನಾಳೆಯಿಂದ ನೀನೇ ಡ್ರೈವರ್," ಎಂದ ಕ್ಲೈವ್.

ಚಳಿಗೆ ಅವಳ ಅಂಗೈ ಬಿರಿದಿದೆ; ಬರುವವರ ಕೈಯಲ್ಲಿ ಕೊಬ್ಬರಿ ಎಣ್ಣೆ ಕಳಿಸಿ. ಇದನ್ನು ಐಸಿನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ; ಅಗೋ, ಯಂತ್ರ ಹೊರಟಿತು. ಗಾಜಿನಾಚೆಯಿಂದ ಮಕ್ಕಳೆಲ್ಲ ಅಪ್ಪಿಗೆ ಕೈಬೀಸುತ್ತಿದ್ದಾರೆ. ನಾನೂ ಬೀಸಬೇಕು, ನಿಲ್ಲಿಸುತ್ತೇನೆ.

ಸರ್ವೋತ್ತಮ