ಕುರಿ ಎಣಿಸದ ಹುಡುಗಿ

ಶಿರಾ, ೧೮ ಜೂನ್ ೧೯೭೯, ಸೋಮವಾರ

ಹೋದ ಸೋಮವಾರ, ಜೂನ್ ಹನ್ನೊಂದು, ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ನನ್ನ ಮಗಳು ಕ್ಯಾತಮ್ಮನನ್ನು ಶಾಲೆಯಿಂದ ಹೊರಗೆ ಹಾಕಿದರು. ಒಂಬತ್ತು ವರ್ಷದ ಮಗು. ಎಲ್ಲರೆದುರು ನಿಲ್ಲಿಸಿ ಪಾಠ ಓದಿಸಿದ್ದಾರೆ. ಅಕ್ಷರ ಅವಳ ಕಣ್ಣಿಗೆ ನಿಲ್ಲುವುದಿಲ್ಲ. ಇರುವೆಗಳ ಹಾಗೆ ಓಡುತ್ತವೆ ಎನ್ನುತ್ತಾಳೆ. ಹೆಡ್‌ಮೇಷ್ಟ್ರ ಬಾಯಲ್ಲಿ ‘ದಡ್ಡಿ’. ಟಿ.ಸಿ.ಯಲ್ಲಿ ‘ಕಲಿಕೆಗೆ ಅಯೋಗ್ಯಳು’.

ಹತ್ತು ವರ್ಷದೊಳಗೆ ಎಲ್ಲ ಮಕ್ಕಳಿಗೂ ಶಿಕ್ಷಣ ಕೊಡಲು ಯತ್ನಿಸಬೇಕು ಎಂದು ಸಂವಿಧಾನ ಹೇಳಿತ್ತು. ಇಪ್ಪತ್ತೊಂಬತ್ತು ವರ್ಷವಾಯಿತು. ನನಗೆ ಮರೆವಿಲ್ಲ. ಅವರಿಗಿದೆ.

ಇವತ್ತೂ ಅದೇ ಶಾಲೆಯ ಯೂನಿಫಾರಂ ಹೊಲಿದೆ. ಜೂನ್ ತಿಂಗಳಲ್ಲಿ ದರ್ಜಿಗೆ ಬೇರೆ ಏನು ಕೆಲಸ? ನೀಲಿ ಲಂಗ, ಮತ್ತೆ ನೀಲಿ ಲಂಗ. ಕ್ಯಾತಿಯದನ್ನು ಎಲ್ಲರಿಗಿಂತ ಮೊದಲು ಹೊಲಿದಿದ್ದೆ. ಇನ್ನೂ ತೊಟ್ಟಿಲ್ಲ, ಮೊಳೆಗೆ ನೇತುಬಿದ್ದಿದೆ.

ಕಡಲೆಕಾಯಿ ಮಂಡಿಯ ಗುಮಾಸ್ತ ಸಂಜೀವಯ್ಯ ಪ್ಯಾಂಟ್ ಬಟ್ಟೆ ಹಿಡಿದು ಬಂದರು. “ಯಾಕ್ ತಲೆ ಕೆಡಿಸ್ಕಂತೀಯ ಓಬಯ್ಯ? ಗುಂಡಿಗೆ ಕಾಜಾ ಹಾಕೋದ್ ಕಲ್ಸು. ಆಮ್ಯಾಲೆ ಮದ್ವೆ ಮಾಡ್ಬುಡು.”

“ನಿಮ್ಮ ಮಗನ್ನೂ ಕಳ್ಸಿ ಸ್ವಾಮಿ, ಅವನ್ಗೂ ಕಲುಸ್ತೀನಿ. ಈ ವರ್ಷಾನೂ ಫೇಲಾದ್ನಂತಲ್ಲ.”

ಬಟ್ಟೆ ಸುತ್ತಿಕೊಂಡು ಹೊರಟುಹೋದರು. ಕ್ಯಾತಿಯ ಅಮ್ಮ ಬದುಕಿದ್ದರೆ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಮುಚ್ಚಿಸುವವರಿಲ್ಲ.

೨೪ ಜೂನ್, ಭಾನುವಾರ — ಹಟ್ಟಿ

ಪಟ್ಟನಾಯಕನಹಳ್ಳಿವರೆಗೆ ಬಸ್ಸು. ಅಲ್ಲಿಂದ ಅವ್ವನ ಹಟ್ಟಿಗೆ ನಡಿಗೆ.

ಸಂಜೆ ಕುರಿಗಳು ಬಂದವು. ಕ್ಯಾತಿ ರೊಪ್ಪದ ಬಾಗಿಲಲ್ಲಿ ನಿಂತಿದ್ದಳು. ಕೊನೆಯ ಕುರಿ ಒಳಗೆ ಹೋದದ್ದೇ, “ಅಜ್ಜೀ, ಜೋಲುಗಿವಿ ಮೊಮ್ಮಗಳು ಬಂದಿಲ್ಲ.”

ಹುಡುಕಿದರೆ ಆ ಕುರಿಮರಿ ಹಳ್ಳದಾಚೆ ಜಾಲಿಮುಳ್ಳಿಗೆ ಸಿಕ್ಕಿಕೊಂಡಿತ್ತು.

ನನಗೆ ಆಶ್ಚರ್ಯ. ಹೇಗೆ ತಿಳಿಯಿತೆಂದು ನಾನು ಬೆರಳು ಮಾಡಿ ಎಣಿಸತೊಡಗಿದೆ. ಅವ್ವ ಕೈಮೇಲೆ ಹೊಡೆದಳು. “ಬೆಳ್ಳು ಮಡಿಚ್ಕಳ್ಲಾ! ಪ್ಯಾಟೆ ಸೇರಿ ಬುದ್ಧಿ ಕೆಟ್ಟೋಯ್ತಾ? ಎಣಿಸಿದ್ ಕುರಿ ರೊಪ್ಪದಾಗ್ ನಿಲ್ಲಲ್ಲ ಕಣ್ಲಾ.”

ಹೌದು. ಮರೆತಿದ್ದೆ. ನಮ್ಮ ಮನೆಯಲ್ಲಿ ಕುರಿ ಎಣಿಸುವುದಿಲ್ಲ. ಎಷ್ಟಿವೆ ಎಂದು ಹೊರಗಿನವರಿಗೆ ಹೇಳುವುದೂ ಇಲ್ಲ. ಹೇಳಿದರೆ ಒಂದು ಹೋಗುತ್ತದೆ ಎಂಬ ಭಯ. ಮುಖ ನೋಡಿಯೇ ಎಲ್ಲ ಬಂದವೋ ಇಲ್ಲವೋ ತಿಳಿಯಬೇಕು. ಕ್ಯಾತಿಗೆ ಪ್ರತಿ ಕುರಿಯ ಮುಖ ಗೊತ್ತು. ಅದರ ತಾಯಿ, ತಾಯಿಯ ತಾಯಿ ಗೊತ್ತು.

ಕಲಿಕೆಗೆ ಅಯೋಗ್ಯಳು!

೫ ಜುಲೈ

ಮನೆಯಲ್ಲೇ ಪಾಠ. ಕುರಿಯಿಂದಲೇ ಶುರು.

ಗೋಡೆಯ ಮೇಲೆ ಜೋಲುಗಿವಿಯ ವಂಶ. ಕಪ್ಪು ಕುರಿಗೆ ಕಪ್ಪು ಬಟ್ಟೆ ಚೂರು, ಬಿಳಿಯದಕ್ಕೆ ಬಿಳಿ. ಅಂಟಿಸಿ ಮುಗಿಸಿ ಕೇಳಿದಳು, “ಬಿಳೀ ಟಗರು, ಬಿಳೀ ಕುರಿ. ಕರೀ ಮರಿ ಹೆಂಗ್ ಬಂತು?” ಗೊತ್ತಿರಲಿಲ್ಲ. ಲೈಬ್ರರಿಯಿಂದ ಅನುವಂಶಿಕತೆಯ ಪುಸ್ತಕ ತಂದೆ. ಮೆಷಿನ್ ತುಳಿಯುತ್ತಾ ನಾನು ಓದುವುದು, ಅವಳು ಕೇಳುವುದು. ಮೂರನೆಯ ಪುಟಕ್ಕೇ ತಡೆದಳು. “ತಡಿಯಪ್ಪ. ಹಂಗಾರೆ ಆ ಕರೀದು ಅಷ್ಟು ದಿನ ಬಿಳೀದ್ರೊಳಗೇ ಅಡಗಿತ್ತು!”

ಕೈ ನಿಂತಿತು. ದಾರ ತುಂಡಾಯಿತು.

ದಪ್ಪ ಉಣ್ಣೆ ದಾರದಲ್ಲಿ ಬಟ್ಟೆಯ ಮೇಲೆ ಅಕ್ಷರ ಹೊಲಿದುಕೊಟ್ಟಿದ್ದೇನೆ. ಕಣ್ಣು ಮುಚ್ಚಿ ಬೆರಳಾಡಿಸುತ್ತಾಳೆ. ಕೈಗೆ ಸಿಕ್ಕ ಅಕ್ಷರ ಓಡಿಹೋಗುವುದಿಲ್ಲವಂತೆ. ನಿಧಾನ. ಆದರೂ ನಿಲ್ಲುತ್ತಿವೆ.

ಇದನ್ನೆಲ್ಲ ಹೇಳೋಣವೆಂದರೆ ಯಾರಿಗೆ?

೧೫ ಆಗಸ್ಟ್

ಶಾಲೆಯ ಮೆರವಣಿಗೆ ಅಂಗಡಿ ಮುಂದೆ ಹೋಯಿತು. ಎಲ್ಲವೂ ನಾನು ಹೊಲಿದ ಲಂಗಗಳೇ. ಕ್ಯಾತಿ ಕಾಗದದ ಬಾವುಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಪಕ್ಕ ಕೂರುತ್ತಿದ್ದ ಹುಡುಗಿ ಇವಳನ್ನು ನೋಡಿದಳು. ಬೇರೆ ಕಡೆ ತಿರುಗಿದಳು.

ಮಧ್ಯಾಹ್ನ ಉಣ್ಣುವಾಗ, “ಅಪ್ಪಾ, ನಿಂಗೆ ಎಲ್ಲಾ ಗೊತ್ತು. ಆದ್ರೆ ಕುಂಟೆಬಿಲ್ಲೆ ಆಡಾಕ್ ಬರಲ್ಲ.”

ಹಿತ್ತಲಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್‌ನಲ್ಲೇ ಮನೆ ಬರೆದು ಕುಂಟಿದೆ. ನಕ್ಕಳು. ಸ್ವಲ್ಪ ಹೊತ್ತಿಗೆ, “ಸಾಕ್ ಬುಡಪ್ಪ, ಮಂಡಿ ನೋಯ್ತದೆ ನಿಂಗೆ,” ಎಂದು ಒಳಗೆ ಹೋದಳು.

ಪಾಠ ನಾನು ಕೊಡಬಲ್ಲೆ. ಗೆಳತಿಯರನ್ನು ಎಲ್ಲಿಂದ ತರಲಿ? ಅವಳು ಶಾಲೆಗೆ ಹೋಗಲೇಬೇಕು. ಇನ್‌ಸ್ಪೆಕ್ಟರ್ ಸಾಹೇಬರಿಗೆ ಅರ್ಜಿ ಬರೆದೆ. ಬಾಯಿಮಾತಿನಲ್ಲಿ ಪರೀಕ್ಷೆ ಮಾಡಿ, ಕುರಿಗಳೆಂದರೆ ಅವಳಿಗೆ ಪ್ರಾಣ, ಅದರ ಮೇಲೆಯೇ ಕೇಳಿ ಎಂದು.

೧೦ ಸೆಪ್ಟೆಂಬರ್

ಒಪ್ಪಿ ಕರೆಸಿದ್ದರು. ಪಾಸಾದರೆ ಐದನೇ ಕ್ಲಾಸು. ಸಾಹೇಬರು ನಗುನಗುತ್ತಲೇ ಮಾತಾಡಿಸಿದರು.

“ಕುರಿ ಅಂದ್ರೆ ಇಷ್ಟ ಅಲ್ವೇನಮ್ಮ? ಸುಲಭದ್ದೇ ಕೇಳ್ತೀನಿ. ನಿಮ್ಮಜ್ಜಿ ಹತ್ರ ಎಷ್ಟು ಕುರಿ ಇದಾವೆ?”

ಕೇಳಬಾರದ ಒಂದೇ ಒಂದು ಪ್ರಶ್ನೆ.

ಕ್ಯಾತಿ ನನ್ನ ಕಡೆ ನೋಡಿದಳು.

“ಅಂದಾಜು ಹೇಳು, ಪರವಾಗಿಲ್ಲ.”

ತುಟಿ ಬಿಗಿಹಿಡಿದು ನಿಂತಳು. ನಾನು ಎದ್ದೆ. “ಸಾರ್, ನಮ್ಮಲ್ಲಿ...”

“ಹೇಳಿಕೊಡಬೇಡ್ರೀ. ಕೂತ್ಕೊಳ್ಳಿ.”

ಬರೆದರು: ‘ಎಣಿಕೆ ಬಾರದು.’ ಎರಡನೇ ಪ್ರಶ್ನೆಯೇ ಇಲ್ಲ. ಹೆಡ್‌ಮೇಷ್ಟ್ರು ‘ನಾನು ಹೇಳಿರಲಿಲ್ಲವೇ’ ಎಂಬಂತೆ ತಲೆಯಾಡಿಸಿದರು.

ಬರುವಾಗ ಮಸೀದಿ ಹತ್ತಿರ ಕೈ ಹಿಡಿದು ನಿಲ್ಲಿಸಿದಳು.

“ಹೇಳ್ಬುಟ್ಟಿದ್ರೆ ಸೇರಿಸ್ಕಂತಿದ್ರಾ ಅಪ್ಪಾ?”

“ಹೂಂ ಕಣಮ್ಮ.”

“ಯಾವ್ದು ಸಾಯ್ತಿತ್ತು?”

ಇಷ್ಟು ಓದಿದ್ದೇನೆ. ಇದು ಯಾವ ಪುಸ್ತಕದಲ್ಲೂ ಇಲ್ಲ.

೩೦ ಸೆಪ್ಟೆಂಬರ್, ಭಾನುವಾರ

ಇಲ್ಲಿ ಬರೆಯಲು ಮನಸ್ಸೇ ಇರಲಿಲ್ಲ. ಪತ್ರಿಕೆಗೆ ಎರಡು ಸಲ ಬರೆದೆ — ಅಚ್ಚಾಗಲಿಲ್ಲ. ಇಲಾಖೆಗೆ ಬರೆದೆ — ಉತ್ತರವಿಲ್ಲ. ಉಣ್ಣೆಯ ಅಕ್ಷರಗಳನ್ನು ಕ್ಯಾತಿ ಮಡಿಸಿ ಟ್ರಂಕಿಗೆ ಹಾಕಿದ್ದಾಳೆ.

ಯಾರೋ ಹಟ್ಟಿಗೆ ಸುದ್ದಿ ಮುಟ್ಟಿಸಿದ್ದಾರೆ. ಅವ್ವ ಒಬ್ಬಳೇ ಬಸ್ಸು ಹತ್ತಿ ಬಂದಳು. ನೀರೂ ಕುಡಿಯಲಿಲ್ಲ.

“ಆ ಸಾಹೇಬನ್ನ ಹಟ್ಟೀಗ್ ಕರ್ಕಂಬಾರ್ಲಾ. ನಾನೇ ಬೆಳ್ಳಿಟ್ಟು ಎಣಿಸ್ತೀನಿ, ಅವ್ನು ಬರ್ಕಳ್ಳಿ. ಹೋಗೋದು ಹೋಗ್ಲಿ.”

ಅವ್ವ! ಜೀವಮಾನದಲ್ಲಿ ಒಮ್ಮೆಯೂ ಎಣಿಸದವಳು.

ಕ್ಯಾತಿ ಅಜ್ಜಿಯ ಬಾಯಿಗೆ ಕೈ ಅಡ್ಡ ಇಟ್ಟಳು. “ಬ್ಯಾಡಜ್ಜಿ. ಜೋಲುಗಿವಿ ಗಬ್ಬ ಐತೆ.”

ಇಬ್ಬರೂ ಅತ್ತರು. ನಾನು ಅಂಗಡಿಗೆ ಬಂದು ಸುಮ್ಮನೆ ಮೆಷಿನ್ ತುಳಿದೆ. ಬಟ್ಟೆ ಇರಲಿಲ್ಲ ಅದರಲ್ಲಿ.

೨ ಅಕ್ಟೋಬರ್, ಬೆಳಿಗ್ಗೆ ೭

ಶಾಲೆಯ ಮೈದಾನದಲ್ಲಿ ಗಾಂಧಿ ಜಯಂತಿ ಸಭೆ. ಇನ್‌ಸ್ಪೆಕ್ಟರ್ ಸಾಹೇಬರೇ ಅಧ್ಯಕ್ಷರು. ಊರೆಲ್ಲ ಸೇರುತ್ತದೆ.

ಕ್ಯಾತಿ ಯೂನಿಫಾರಂ ಹಾಕಿ ನಿಂತಿದ್ದಾಳೆ. “ನಾನೂ ಬತ್ತೀನಿ.” ಲಂಗ ಮೋಟಾಗಿದೆ. ಬೆಳೆಯುವ ಮಗು ಎಂದು ಅಂಚಿನಲ್ಲಿ ಮಡಿಕೆ ಬಿಟ್ಟು ಹೊಲಿದಿದ್ದೆ. ಬಿಚ್ಚಿ ಇಳಿಸಿದೆ. ಒಂದು ದಿನವೂ ಶಾಲೆ ಕಾಣದ ಲಂಗ.

ಸಭೆಯಲ್ಲಿ ಎದ್ದು ನಿಂತು ಹೇಳಬೇಕಾದ್ದನ್ನು ಬರೆದುಕೊಳ್ಳುತ್ತೇನೆ. ಸಿಟ್ಟಿನಲ್ಲಿ ನಾಲಗೆ ತಡವರಿಸಬಾರದು.

ಸಾಹೇಬರೇ, ‘ಎಣಿಕೆ ಬಾರದು’ ಎಂದು ಬರೆದಿರಿ. ಮಗು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದಿರಾ? ಕೇಳಲಿಲ್ಲ. ಈಗ ಕೇಳಿ, ಊರಿನ ಎದುರು. ಕುರಿಯೊಂದನ್ನು ಬಿಟ್ಟು ಏನು ಬೇಕಾದರೂ ಎಣಿಸಲು ಹೇಳಿ. ಇಲ್ಲಿ ಸಾಲಾಗಿ ನಿಂತ ನಿಮ್ಮ ಮಕ್ಕಳನ್ನೇ ತೋರಿಸಿ. ಒಮ್ಮೆ ಕಣ್ಣಾಡಿಸಿ, ಯಾರು ಬಂದಿಲ್ಲ ಎಂದು ಅವಳು ಹೇಳುತ್ತಾಳೆ. ಆಮೇಲೆ ಉತ್ತರ ಕೊಡಬೇಕಾದವರು ನೀವು. ಆ ಸಾಲಿನಲ್ಲಿ ಅವಳು ಯಾಕೆ ಇಲ್ಲ?