ಘಾಟಿ ಬಸ್ಸಿನ ಅರ್ಧ ಆಟ

ಲಾಯಿಲ, ಬೆಳ್ತಂಗಡಿ
೧೪ ಸೆಪ್ಟೆಂಬರ್ ೨೦೨೫

ಏಕೈಕ ನಿರ್ಮಾತೃ ಜಿತೇಶನಿಗೆ,

ಹೀಗೆ ಕರೆದದ್ದಕ್ಕೆ ಬೇಸರಿಸಬೇಡ. ಆಟದ ಮೊದಲ ಪರದೆಯಲ್ಲಿ ನೀನೇ ಹಾಗೆ ಬರೆದುಕೊಂಡಿದ್ದೀಯ. ಫೋನಿನಲ್ಲಿ ನೀನು ಎದುರಿನವರಿಗೆ ಮಾತಾಡಲು ಬಿಡುವವನಲ್ಲ. ಅದಕ್ಕೇ ಈ ಕಾಗದ.

ಮೂಡುಬಿದಿರೆಯ ಟಯರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಎರಡು ವರ್ಷ ಕೂತು ನಾವಿಬ್ಬರೂ ಮಾಡಿದ ಆಟ ಅದು. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸುವ ಕಂಪ್ಯೂಟರ್ ಆಟ. ಪ್ರೋಗ್ರಾಮ್ ನಿನ್ನದು, ಚಿತ್ರವೆಲ್ಲ ನನ್ನದು. ತಿರುವು, ಮಂಜು, ಬಸ್ಸಿನ ಹರಿದ ಸೀಟು ಕೂಡ. ನಿನ್ನ ಜಂಭ ತಡೆಯಲಾರದೆ ನಾನು ಬಿಟ್ಟುಬಂದೆ. ಕಳೆದ ವಾರ ನೀನು ಅದನ್ನು ಆನ್‌ಲೈನಿನ ಎರಡು ಸ್ಟೋರುಗಳಲ್ಲಿ ಮಾರಾಟಕ್ಕೆ ಇಟ್ಟೆ. ಅರ್ಧ ಈಗ, ಇನ್ನರ್ಧ ಮುಂದೆ ಯಾವಾಗಲೋ ಎಂದು ಹೇಳಿ ಇವತ್ತೇ ಹಣ ತೆಗೆದುಕೊಳ್ಳುವುದಕ್ಕೆ ‘ಅರ್ಲಿ ಆ್ಯಕ್ಸೆಸ್’ ಎಂಬ ಮರ್ಯಾದಸ್ಥ ಹೆಸರುಂಟು. ನಿನಗೆಂದೇ ಹುಡುಕಿದ ಹಾಗಿದೆ.

ಅದು ಸಾಲದೆಂದು ಕಲ್ಲಡ್ಕದ ಮನೆಯಿಂದ ನಿನ್ನ ಫೋನು. “ಸಾತ್ವಿಕಾ, ನೀನೂ ಒಂದು ತಗೊ ಮಾರಾಯ್ತಿ. ದೊಡ್ಡ ಸ್ಟೋರಿಂದ ಬೇಡ, ಅವರು ತುಂಬಾ ಕಮಿಷನ್ ಹಿಡೀತಾರೆ. ಸಣ್ಣದರಲ್ಲಿ ತಗೊಂಡ್ರೆ ಹೆಚ್ಚುಕಡಿಮೆ ಎಲ್ಲಾ ನನಗೇ ಸಿಗ್ತದೆ.”

ನನ್ನ ಹೆಸರು ಎಲ್ಲುಂಟು ಎಂದು ಕೇಳಿದೆ.

“ನೀನು ಅರ್ಧದಲ್ಲಿ ಬಿಟ್ಟು ಹೋದವಳಲ್ವಾ? ಸಹಾಯ ಮಾಡಿದವರ ಹೆಸರೆಲ್ಲ ಹಾಕ್ಲಿಕ್ಕೆ ಆಗ್ತದಾ?” ಎಂದೆ ನೀನು.

ಸಹಾಯ! ನಾನೇನು ನಿನ್ನ ಮದುವೆಗೆ ಎಲೆ ಹಾಕಲು ಬಂದವಳೇ?

ಎರಡೂ ಸ್ಟೋರುಗಳ ನಿಯಮ ಕೂತು ಓದಿದೆ. ದೊಡ್ಡದರಲ್ಲಿ ಕೊಂಡವರು ತಮ್ಮ ಅಭಿಪ್ರಾಯ ಬರೆಯಬಹುದು, ಜಗತ್ತೆಲ್ಲ ಓದಬಹುದು. ಎರಡು ಗಂಟೆ ಆಡುವುದರೊಳಗೆ ಬೇಡವೆನಿಸಿದರೆ ಹಣ ವಾಪಸ್. ನೀನು ಆಟ ಬದಲಿಸಿದರೆ ನಮ್ಮ ಕಂಪ್ಯೂಟರಿನಲ್ಲೂ ತಾನಾಗಿ ಬದಲಾಗುತ್ತದೆ. ಸಣ್ಣದರಲ್ಲಿ ಅಭಿಪ್ರಾಯವೂ ಇಲ್ಲ, ವಾಪಸಾತಿಯೂ ಇಲ್ಲ. ಆಟದ ಫೈಲನ್ನೇ ಕೈಗೆ ಕೊಟ್ಟುಬಿಡುತ್ತಾರೆ, ಅದು ಕೊಂಡ ದಿನ ಹೇಗಿತ್ತೋ ಹಾಗೆಯೇ ನಮ್ಮ ಹತ್ತಿರ ಉಳಿಯುತ್ತದೆ. ನಿನಗಿದ್ದದ್ದು ಕಮಿಷನ್ನಿನ ಚಿಂತೆಯಲ್ಲ, ನಾನು ಏನು ಬರೆದುಬಿಡುತ್ತೇನೋ ಎಂಬ ಹೆದರಿಕೆ. ದೊಡ್ಡದರಿಂದಲೇ ಕೊಂಡೆ.

ಆಡಲು ಕೂತರೆ, ಘಾಟಿಯ ಕೆಳಗಿನ ಕಕ್ಕಿಂಜೆ ಬರುವುದರೊಳಗೆ ಬಸ್ಸು ಎರಡು ಸಲ ರಸ್ತೆಯೊಳಗೇ ಹೂತುಹೋಯಿತು. ಮೂರನೇ ತಿರುವಿನ ಆಚೆ ಘಾಟಿಯೇ ಇಲ್ಲ. ಬೂದು ಗೋಡೆ, ಅದರ ಮೇಲೆ ‘ಶೀಘ್ರದಲ್ಲೇ’ ಎಂಬ ಬೋರ್ಡು. ನಾನು ಬಿಟ್ಟ ಮೇಲೆ ಒಂದು ಮರ ಬಿಡಿಸಲೂ ನಿನ್ನಿಂದ ಆಗಲಿಲ್ಲ. ಹೊಸದೆಂದರೆ ಡ್ರೈವರನ ಮುಖ ಒಂದೇ. ಅದೂ ನಿನ್ನದು, ಕೂಲಿಂಗ್ ಗ್ಲಾಸ್ ಸಮೇತ!

ಕಂಡಕ್ಟರನ ಸ್ವರ ಮಾತ್ರ ಹಳೆಯದೇ: ನನ್ನ ಅಪ್ಪನದು. ಅಪ್ಪನ ಬಸ್ಸಿನಲ್ಲೇ ಕೂತು ನಾವು ರೆಕಾರ್ಡ್ ಮಾಡಿಕೊಂಡದ್ದು. ಮುಂದಿನ ತಿಂಗಳು ಅದನ್ನು ತೆಗೆದು ‘ವೃತ್ತಿಪರ ಕಲಾವಿದರ ಸ್ವರ’ ಹಾಕುತ್ತೇನೆಂದು ಬರೆದಿದ್ದೀಯ. ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವರು ವೃತ್ತಿಪರರಲ್ಲ, ಅಲ್ಲವೇ?

ಒಂದು ಗಂಟೆ ನಲವತ್ತು ನಿಮಿಷ ಆಡಿ ವಾಪಸ್ ಕೊಟ್ಟೆ. ಅಭಿಪ್ರಾಯವನ್ನೂ ಬರೆದೆ: “ಇದರ ರಸ್ತೆ, ಬಸ್ಸು, ಮಂಜು ಬಿಡಿಸಿದವಳು ನಾನು. ಎಲ್ಲಿಯೂ ನನ್ನ ಹೆಸರಿಲ್ಲ.” ಕೆಳಗೆ ನನ್ನ ಹಳೆಯ ಕರಡು ಚಿತ್ರಗಳ ಕೊಂಡಿ ಕೊಟ್ಟಿದ್ದೇನೆ. ಜನ ಓದುತ್ತಿದ್ದಾರೆ. ನೀನೂ ಓದಿರುತ್ತೀಯ.

ಇಂತಿ,
ಅರ್ಧದಲ್ಲಿ ಬಿಟ್ಟು ಹೋದ
ಸಾತ್ವಿಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಮನಸ್ಸು ಬಂದಿರಲಿಲ್ಲ. ನಾನು ಬಿಟ್ಟದ್ದು ನಿನ್ನ ಜಂಭಕ್ಕಲ್ಲ. ಆ ತಿಂಗಳು ಅಪ್ಪನಿಗೆ ಗಂಟಲಿನ ಆಪರೇಶನ್ ಆಯಿತು. ಸ್ವರ ಹೋಯಿತು. ನಿನ್ನೆದುರು ಅಳಬೇಕಾದೀತೆಂದು ಹೇಳದೆ ಬಂದೆ. ನಿನ್ನೆ ನಾನು ಆಡುವಾಗ ಅಪ್ಪ ಹಿಂದೆಯೇ ನಿಂತಿದ್ದರು. “ದುಂಬು ಪೋಲೆ, ದುಂಬು ಪೋಲೆ” ಎಂದು ಬಸ್ಸಿನೊಳಗೆ ಜನರನ್ನು ಮುಂದೆ ಕಳಿಸುವ ಸ್ವರ ಕೇಳಿ ನನ್ನ ಭುಜ ಹಿಡಿದರು. ಬೆರಳಿನಲ್ಲಿ ತೋರಿಸಿದರು: ಇನ್ನೊಮ್ಮೆ. ಇವತ್ತು ಬೆಳಗ್ಗೆ ಸಣ್ಣ ಸ್ಟೋರಿನಿಂದ ಮತ್ತೆ ಕೊಂಡೆ, ಫೈಲನ್ನು ಎರಡು ಪೆನ್‌ಡ್ರೈವಿಗೆ ಹಾಕಿಟ್ಟೆ. ನೀನು ಇನ್ನು ಏನು ಬೇಕಾದರೂ ಬದಲಿಸು. ನಾನಿದನ್ನು ಬರೆಯುತ್ತಿರುವಾಗಲೂ ಅಪ್ಪ ಕಂಪ್ಯೂಟರಿನ ಮುಂದೆ ಕೂತು ಕೇಳುತ್ತಿದ್ದಾರೆ. ಒಂದೊಂದು ಸ್ಟಾಪು ಬಂದಾಗಲೂ ಅವರ ತುಟಿ ಆಡುತ್ತದೆ.