ಉಳುಕು ಬಿಡಿಸುವ ಕಾಲು

೪ ನವೆಂಬರ್ ೧೯೯೭, ಬ್ರಹ್ಮಪುರ

ಎದ್ದ ಕೂಡಲೇ ಪಕ್ಕದ ಮನೆ ಮಸ್ತಾನಬಿಗೆ ಒದ್ದೆ. ಕೊಡ ಎತ್ತುವಾಗ ಸೊಂಟ ಉಳುಕಿತ್ತಂತೆ. ಕಾಲು ಮುಂದಾಗಿ ಹುಟ್ಟಿದವಳು ನಾನು — ನನ್ನ ಎಡಗಾಲಿನ ಒದೆತಕ್ಕೆ ಉಳುಕು ಬಿಡುತ್ತದೆ ಅಂತ ಓಣಿಯೆಲ್ಲ ನಂಬಿದೆ.

"ಇನ್ನೊಂದ್ ಹಾಕ್ರಿ ಆಯಿ, ಪುಕಟ್ ಅದ ಅಲ್ಲ?" ನಕ್ಕಳು.

ಮಂಚದ ಮೇಲಿಂದ ನನ್ನ ಮುದುಕ ನೀರಿನ ಚರಿಗೆ ಬೀಸಿ ಒಗೆದ. ಸೋಲಾಪುರದಲ್ಲಿ ಹೃದಯದ ವಾಲ್ವ್ ಬದಲಿಸಿಕೊಂಡು ಬಂದಿದ್ದಾನೆ. ವಾಲ್ವ್ ಹೊಸದು, ಬಾಯಿ ಹಳೆಯದೇ. ಊರಿಗೆಲ್ಲ ಒದ್ದಿದ್ದೇನೆ, ಅವನಿಗೆ ಮಾತ್ರ ಇಲ್ಲ. ಹೆಂಡತಿಯ ಕಾಲು ತಾಗಿದರೆ ಗಂಡನ ಆಯುಷ್ಯ ಕಡಿಮೆಯಂತೆ. ಅವನ ಕಾಲು ನನಗೆ ತಾಗಿದ್ದಕ್ಕೆ ಲೆಕ್ಕವೇ ಇಲ್ಲ.

೮ ನವೆಂಬರ್

ಮುದುಕನನ್ನು ಖೂಬಾ ಪ್ಲಾಟಿನ ಡಾಕ್ಟರಿಗೆ ತೋರಿಸಿದೆ. ತಮ್ಮ ಬೆರಳು ಕೊಟ್ಟು, ಹಿಚುಕಿ ಅಂದರು. ಮುದುಕನಿಗೆ ಆಗಲಿಲ್ಲ. ನನ್ನ ಮೊಣಕೈ ಮುರಿದ ಕೈ ಅದು! ಕುರ್ಚಿಯಿಂದ ಏಳಿ ಅಂದರು. ನಾನು ಎತ್ತಬೇಕಾಯಿತು.

"ವಾಲ್ವ್ ಗಟ್ಟಿ ಅದರೀ ಅಮ್ಮಾ, ಮನುಷ್ಯಾ ಗಟ್ಟಿ ಇಲ್ಲ. ರಕ್ತ ತೆಳ್ಳಗ ಮಾಡೋ ಗುಳಗಿ ಬ್ಯಾರೆ. ಬಿದ್ರ, ಪೆಟ್ಟಾದ್ರ ಒಳಗ ರಕ್ತ ಹರೀತದ, ನಿಲ್ಲಂಗಿಲ್ಲ. ಈ ವಯಸ್ಸಿನಾಗ ತಡಕೊಳ್ಳಂಗಿಲ್ಲ."

"ಎಷ್ಟು ಪೆಟ್ಟು ಬೀಳಬೇಕ್ರೀ?" ಅಂದೆ.

ಬರೆಯುವುದು ಬಿಟ್ಟು ನನ್ನ ಮುಖ ನೋಡಿದರು.

೧೯ ನವೆಂಬರ್, ಮಧ್ಯಾಹ್ನ

ರೊಟ್ಟಿ ಆರಿದೆ ಅಂತ ಸೊಸೆ ಬಂಡೆಮ್ಮನ ಮುಖಕ್ಕೆ ಮುದುಕ ಊರುಗೋಲು ಬೀಸಿದ. ಹುಬ್ಬು ಸೀಳಿತು. ಹಿಟ್ಟಿನ ಮೇಲೆಲ್ಲ ರಕ್ತ. ಹೊಡೆದ ರಭಸಕ್ಕೆ ಅವನ ಕೈಯೂ ಬಾಗಿಲಿಗೆ ತಾಗಿ, ಮೊಣಕೈತನಕ ನೀಲಿಗಟ್ಟಿತು.

ಮಗ ಮಹಾದೇವಪ್ಪ ಅಪ್ಪನ ಮೇಲೆ ಕೈ ಎತ್ತಿದ. ನಾನೇ ಅಡ್ಡ ಬಂದೆ — "ಹೊಡಿಬ್ಯಾಡೋ, ಒಂದೇಟಿಗೇ ಸಾಯ್ತಾನ!"

ಮುದುಕ ನಕ್ಕ. "ಕೇಳಿದ್ಯಾ? ಇನ್ನ ನನಗ ಯಾವನೂ ಮುಟ್ಟಂಗಿಲ್ಲ."

ಹೌದಲ್ಲ... ರೋಗವೇ ಅವನಿಗೆ ಕಾವಲು.

೬ ಡಿಸೆಂಬರ್, ಕಮಲಾಪುರ

ಬಂಡೆಮ್ಮ ಹೊಲಿಗೆ ಹಾಕಿಸಿಕೊಂಡು ತವರಿಗೆ ಹೋದಳು. ಮಾವ ಇರುವತನಕ ಬರುವುದಿಲ್ಲವಂತೆ. ಅವನನ್ನು ಊರ ಮನೆಗೆ ಕರೆತಂದೆ. ಹೊಡೆದರೆ ನನ್ನೊಬ್ಬಳನ್ನೇ ಹೊಡೆಯಲಿ.

ಹೊಡೆದ. ಹಲ್ಲೊಂದು ಉಗುಳಿದೆ. ತಿಂದದ್ದು ಅವನ ಮೈಗೆ ಹತ್ತುವುದಿಲ್ಲ, ಸಿಟ್ಟು ಮಾತ್ರ ಹತ್ತುತ್ತದೆ.

೭ ಡಿಸೆಂಬರ್

ಇವತ್ತೂ ಕೋಲು ಬೀಸಿದ. ತಪ್ಪಿಸಿಕೊಂಡೆ. ಬೀಸಿದವನ ಸೊಂಟವೇ ಹಿಡಿಯಿತು. ಬಾಗಿದವನು ಬಾಗಿಯೇ ಇದ್ದಾನೆ.

"ಒದಿಯೇ!"

"ಡಾಕ್ಟರು ಹೇಳಿದ್ದು ಮರ್ತೀರೇನ್ರೀ?"

"ಮಂದಿಗೆಲ್ಲ ಒದೀತಿ, ಗಂಡಗ ಒದಿಲಾಕ ಕಾಲಿಲ್ಲೇನು?"

ಒಲ್ಲೆ ಅಂದೆ. ಬೊಬ್ಬೆ ಹೊಡೆದ. ಹಿಂದಿನ ಮನೆ ಅಮೋಘಪ್ಪ ಓಡಿ ಬಂದ. ಗುಳಿಗೆ, ರಕ್ತ — ಅವನಿಗೇನು ಗೊತ್ತು?

"ಯಜಮಾನ್ರೇ ಹೇಳಾಕತ್ತಾರಲ್ಲ ಆಯಿ, ಹಾಕಿಬಿಡ್ರಿ ಒಂದ್."

"ಮೆಲ್ಲಕೋ, ಜೋರೋ?" ಗಂಡನನ್ನೇ ಕೇಳಿದೆ.

"ಜೋರಾಗಿ, ರಂಡಿ!"

ಅಮೋಘಪ್ಪ ಕೇಳಿಸಿಕೊಂಡ.

ಕಾಲು ತೊಳೆದು ಬರುತ್ತೇನೆ ಅಂತ ಒಳಗೆ ಬಂದಿದ್ದೇನೆ. ಎಡಗಾಲು ತೊಳೆದಾಯಿತು. ಅಲ್ಲಿ ಕಂಬ ಹಿಡಿದು ನಿಂತಿದ್ದಾನೆ, ಬೆನ್ನು ಈ ಕಡೆ. ಅಂಗಿ ಮೇಲೆತ್ತಿದ್ದಾನೆ. ಎಲುಬಿನ ಮೇಲೆ ಬರೀ ತೊಗಲು. ಕೂಗುತ್ತಿದ್ದಾನೆ. ಕೂಗಲಿ.

ಮೆಲ್ಲಗೆ ಒದೆಯಬೇಕು ಅಂತ ಮನಸ್ಸಿಗೆ ಹೇಳಿದ್ದೇನೆ. ಕಾಲಿಗೆ ಇನ್ನೂ —